ಫೋಟೊದೊಳಗೆ ಕೂತ ವಿಳಾಸ

ಕರೂರು ಕೈಗಾರಿಕಾ ಪ್ರದೇಶದ ನಿಮ್ಮ ಶೆಡ್ಡಿನ ಸರಕಿನ ಫೋಟೊಗಳನ್ನು ತಿದ್ದಲು ಗಿಂಪ್ ಎಂಬ ತಂತ್ರಾಂಶ ಧಾರಾಳ ಸಾಕು. 1996ರಿಂದಲೂ ಅದು ಉಚಿತ. ಫೋಟೊದಿಂದ ವಿಳಾಸ ಬಯಲಾದೀತೆಂಬ ನಿಮ್ಮ ಅಂಜಿಕೆಯೂ ಸರಿಯೇ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ, ತೆಗೆದ ಜಾಗದ ಅಕ್ಷಾಂಶ, ರೇಖಾಂಶ, ದಿನ, ವೇಳೆ ಎಲ್ಲವೂ ಎಕ್ಸಿಫ್ ಮಾಹಿತಿಯಾಗಿ ಫೈಲಿನೊಳಗೇ ಕೂರುತ್ತವೆ. ಮನೆಯಲ್ಲಿ ತೆಗೆದ ಚಿತ್ರವಾದರೆ ಅಪರಿಚಿತರಿಗೆ ಮನೆ ಬಾಗಿಲನ್ನೇ ತೋರಿಸಿದಂತೆ. ನನಗೆ ಆತಂಕವಾಗುವುದು ಇದಕ್ಕೇ. ಹಿನ್ನೆಲೆ ಕತ್ತರಿಸಿದರೂ ಈ ಮಾಹಿತಿ ಅಳಿಯುವುದಿಲ್ಲ. ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್, ಎಕ್ಸ್‌ಎಂಪಿ, ಥಂಬ್‌ನೇಲ್ ಮುಂದಿನ ಟಿಕ್ ತೆಗೆಯಿರಿ. ಮೂಲ ಫೋಟೊವನ್ನು ಮಾತ್ರ ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಿ. ಸರಕು ಕಳಿಸಿದ ದಿನ ಹೇಗಿತ್ತೆಂಬ ತಕರಾರು ಬಂದರೆ ಆ ದಿನಾಂಕ ನೆರವಿಗೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸ್ಥಳದ ಗುರುತು ಉದುರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಜೊತೆಗೇ ಹೋಗುತ್ತದೆ.