ಎರಡು ಡಬ್ಬ, ಎರಡರ ಮೇಲೂ 30 ಗಂಟೆ

ಆಗಿನ್ನೂ ವೈಟ್‌ಫೀಲ್ಡಿಗೆ ಮೆಟ್ರೊ ಬಂದಿರಲಿಲ್ಲ. ಕೆಂಗೇರಿಯಿಂದ ಬಸ್ಸಿನಲ್ಲಿ ಹೋಗಿ ಬರುವುದಕ್ಕೇ ದಿನದ ನಾಲ್ಕು ಗಂಟೆ ಮುಗಿಯುತ್ತಿತ್ತು. ಎಂಜಿನ್ನಿನ ಗುಂಯ್ ಸದ್ದು ತಲೆಯೊಳಗೆ ಕೂತರೆ ಮನೆಗೆ ಬಂದು ಊಟ ಮಾಡಿದ ಮೇಲೂ ಇಳಿಯುತ್ತಿರಲಿಲ್ಲ. ಹಾಗಾಗಿ ಸದ್ದು ತಡೆಯುವ ಇಯರ್‌ಬಡ್‌ಗೆ 17,000 ರೂಪಾಯಿ ಕೊಟ್ಟದ್ದು ನನಗೆ ಷೋಕಿ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ನಾನು ಎಡವಿದ್ದು ಲೆಕ್ಕದಲ್ಲಿ.

ಇಯರ್‌ಬಡ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 30 ಗಂಟೆ ಎಂದಿತ್ತು. ಪಕ್ಕದಲ್ಲೇ ಇದ್ದ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನ ಡಬ್ಬದ ಮೇಲೂ 30 ಗಂಟೆ. ಬೆಲೆ ಎರಡೂವರೆ ಸಾವಿರ ಹೆಚ್ಚು. ಬ್ಯಾಟರಿ ಸರಿಸಮ ಇರುವಾಗ ಹೆಚ್ಚಿಗೆ ಕೊಡುವುದೇಕೆ ಎಂದು ಚಿಕ್ಕದನ್ನೇ ತಂದೆ.

ಆ ಎರಡು ಮೂವತ್ತುಗಳು ಬೇರೆ ಬೇರೆ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು. ಉದಾಹರಣೆಗೆ, ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 ಹೆಡ್‌ಫೋನು ಸದ್ದು ತಡೆಯುತ್ತಲೇ ಒಂದು ಚಾರ್ಜಿಗೆ 30 ಗಂಟೆ ನಡೆಯುತ್ತದೆ ಎನ್ನುತ್ತದೆ ಕಂಪನಿ; ಆ ಸೌಲಭ್ಯ ಆಫ್ ಮಾಡಿದರೆ 38. ಆ್ಯಪಲ್‌ನ 2022ರ ಏರ್‌ಪಾಡ್ಸ್ ಪ್ರೊಗೂ 30 ಗಂಟೆ ಎಂದೇ ಇದೆ, ಆದರೆ ಅದು ಕೇಸಿನಲ್ಲಿಟ್ಟು ಮತ್ತೆ ಮತ್ತೆ ತುಂಬಿಕೊಂಡದ್ದೂ ಸೇರಿ. ಕಿವಿಯಲ್ಲಿರುವ ಬ್ಯಾಟರಿಯ ಪಾಲು 6 ಗಂಟೆ ಮಾತ್ರ. ಅಂದರೆ ಅದೇ 30 ಗಂಟೆ ಕೇಳುವಷ್ಟರಲ್ಲಿ ದೊಡ್ಡದು ಒಂದು ಸಲ ಬರಿದಾದರೆ ಚಿಕ್ಕದು ಐದು ಸಲ ಬರಿದಾಗಿರುತ್ತದೆ.

ನಮ್ಮ ದುಡ್ಡು ಸೋರುವುದು ಇಲ್ಲೇ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಬರಿದಾಗುವ ಹೊತ್ತಿಗೆ ಮೊದಲಿನ ಶಕ್ತಿಯಲ್ಲಿ ಶೇ 80ರ ಆಸುಪಾಸಿಗೆ ಇಳಿಯುತ್ತದೆ. 500 ಎಂದೇ ಹಿಡಿಯಿರಿ. 6 ಗಂಟೆಯ ಬ್ಯಾಟರಿಗೆ ಅದು 3,000 ಗಂಟೆ. ದಿನಕ್ಕೆ ಐದು ಗಂಟೆ ಬಳಸುವವರಿಗೆ 600 ದಿನ. 30 ಗಂಟೆಯದ್ದಕ್ಕಾದರೆ 15,000 ಗಂಟೆ. ಎಂಟು ವರ್ಷಕ್ಕೂ ಮಿಕ್ಕಿ. ಅಷ್ಟು ವರ್ಷ ಹಾಗೆಯೇ ಉಳಿಯುವುದಿಲ್ಲ ನಿಜ, ಏಕೆಂದರೆ ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಕಾವಿನಲ್ಲಿದ್ದರೆ, ಸದಾ ನೂರಕ್ಕೆ ನೂರು ತುಂಬಿಕೊಂಡೇ ಇದ್ದರೆ ಇನ್ನೂ ಬೇಗ. ಇಯರ್‌ಬಡ್ಡನ್ನು ಕೇಸಿಗೆ ಹಾಕಿದಾಗೆಲ್ಲ ಅದು ತುಂಬುತ್ತಲೇ ಇರುತ್ತದೆ. ನನ್ನದಂತೂ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕದ ಬ್ಯಾಗಿನಲ್ಲಿ ಬೇಯುತ್ತಿತ್ತು.

ಇಪ್ಪತ್ತೆರಡನೆಯ ತಿಂಗಳಿಗೆ ಬಲಗಿವಿಯದು ಒಂದೂವರೆ ಗಂಟೆಗೇ ಕೈಚೆಲ್ಲಿತು. ಫೋನಿನಲ್ಲಿ ಮಾತಾಡಲು ಅದೊಂದನ್ನೇ ಹಾಕಿಕೊಳ್ಳುವ ಅಭ್ಯಾಸ ನನಗೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸುವುದಿಲ್ಲ, ಬೇಕಾದರೆ ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ವಾರಂಟಿ ಒಂದೇ ವರ್ಷದ್ದು, ಅದು ಮುಗಿದು ಹತ್ತು ತಿಂಗಳಾಗಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹುಡುಗ ಲೆನ್ಸ್ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಮೇಡಂ, ಇದೆಲ್ಲಾ ಗಮ್ ಹಾಕಿ ಅಂಟ್ಸಿರೋದು. ಬಿಚ್ಚಿದ್ರೆ ಮತ್ತೆ ಕೂಡಲ್ಲ" ಎಂದ. ಆಮೇಲೆ ರಿಪೇರಿಗೆ ಬಂದಿದ್ದ ಒಂದು ದೊಡ್ಡ ಹೆಡ್‌ಫೋನಿನ ಮೆತ್ತೆ ಕಿತ್ತು ತೋರಿಸಿದ. ಒಳಗೆ ಸ್ಕ್ರೂಗಳು. "ಇದಾದ್ರೆ ಅರ್ಧ ಗಂಟೆ ಕೆಲ್ಸ."

ನನ್ನ ಹಣಕಾಸಿನ ಪಾಠಗಳಲ್ಲಿ ಆ ಹುಡುಗ ಕಲಿಸಿದ್ದಕ್ಕೆ ದೊಡ್ಡ ಜಾಗವಿದೆ. ಅವನಿಗೆ ಕೊಡಬೇಕಾದ್ದು ಏನೂ ಇರಲಿಲ್ಲ, ದುಡ್ಡು ಕೇಳಲೂ ಇಲ್ಲ.

17,000 ರೂಪಾಯಿ 22 ತಿಂಗಳಿಗೆ ಹಂಚಿದರೆ ತಿಂಗಳಿಗೆ 773. ಮನೆಯ ಇಂಟರ್‌ನೆಟ್ ಬಿಲ್ಲಿಗಿಂತ ಹೆಚ್ಚು. ಆಮೇಲೆ 19,500 ಕೊಟ್ಟು ತಂದ ಹೆಡ್‌ಫೋನಿಗೆ ಈಗ ನಾಲ್ಕು ವರ್ಷ. ತಿಂಗಳಿಗೆ 406ಕ್ಕೆ ಬಂದಿದೆ, ಇನ್ನೂ ಇಳಿಯುತ್ತಿದೆ. ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿದ್ದೆ: ಬ್ಯಾಟರಿ ಹೋದರೆ ಬದಲಿಸಲು ಬರುತ್ತದೆಯೇ, ಚಾರ್ಜ್ ಇಲ್ಲದಾಗ ವೈರು ಚುಚ್ಚಿ ಕೇಳಬಹುದೇ? ಎರಡಕ್ಕೂ ಹೌದು ಎಂದಮೇಲೆ ಕಾರ್ಡು ಕೊಟ್ಟೆ. ವೈರಿನ ತೂತಿದ್ದರೆ ಬ್ಯಾಟರಿ ಸತ್ತ ಮೇಲೂ ಅದು ಮಾಮೂಲಿ ಹೆಡ್‌ಫೋನಾಗಿ ಉಳಿಯುತ್ತದೆ. ಇಯರ್‌ಬಡ್‌ಗೆ ಆ ಭಾಗ್ಯವಿಲ್ಲ.

ಇದನ್ನು ಗ್ರಾಹಕರ ಎಚ್ಚರಿಕೆಗಷ್ಟೇ ಬಿಡುವುದು ನ್ಯಾಯವಲ್ಲ. 2027ರ ಫೆಬ್ರವರಿ 18ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಸಾಧನಗಳ ಸಣ್ಣ ಬ್ಯಾಟರಿಗಳನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಸುವವರೇ ತೆಗೆದು ಬದಲಿಸುವಂತೆ ಇರಬೇಕು ಎಂಬ ಕಾನೂನಿದೆ. ಹದಿನೇಳು ಸಾವಿರ ಕೊಡುವ ನಮಗೂ ಆ ಹಕ್ಕು ಬೇಕು.

ಈಗ ಪ್ರತಿ ಯುಗಾದಿಗೆ ಹೆಡ್‌ಫೋನನ್ನು ಪೂರ್ತಿ ಚಾರ್ಜ್ ಮಾಡುತ್ತೇನೆ. ಅದು ತಾನಾಗಿ ಆಫ್ ಆಗುವವರೆಗೆ ಎಷ್ಟು ಗಂಟೆ ನಡೆಯಿತು ಎಂದು ಮನೆಯ ಲೆಕ್ಕದ ಪುಸ್ತಕದಲ್ಲಿ, ಗ್ಯಾಸ್ ಮತ್ತು ಹಾಲಿನ ಬಾಬ್ತಿನ ಕೆಳಗೆ ಬರೆದಿಡುತ್ತೇನೆ. ಮೊದಲ ವರ್ಷ 29 ಇತ್ತು. ಈ ಸಲ 24.