ಚಾಗೋಸ್ ದ್ವೀಪಸಮೂಹ: ಭೂಗೋಳ ಮತ್ತು ಸಾರ್ವಭೌಮತ್ವ ವಿವಾದ

• ಸ್ಥಾನ: ಹಿಂದೂ ಮಹಾಸಾಗರದ ಮಧ್ಯಭಾಗ, ಸಮಭಾಜಕ ವೃತ್ತದ ದಕ್ಷಿಣಕ್ಕೆ. ಮಾಲ್ಡೀವ್ಸ್‌ನಿಂದ ಸುಮಾರು 500 ಕಿ.ಮೀ. ದೂರ.
• ಸ್ವರೂಪ: ಹವಳದ ದ್ವೀಪಗಳು. ಲಕ್ಷದ್ವೀಪ–ಮಾಲ್ಡೀವ್ಸ್–ಚಾಗೋಸ್ ಒಂದೇ ಸಾಗರತಳದ ಏಣಿನ ಮೇಲಿವೆ (ನಕ್ಷೆಯಲ್ಲಿ ಉತ್ತರ–ದಕ್ಷಿಣ ಕ್ರಮ ನೆನಪಿಡಿ).
• ಅತಿದೊಡ್ಡ ದ್ವೀಪ: ಡಿಯಾಗೋ ಗಾರ್ಸಿಯಾ, ಅಮೆರಿಕ–ಬ್ರಿಟನ್ ಸೇನಾ ನೆಲೆ.

ಕಾಲಾನುಕ್ರಮ
1814: ಪ್ಯಾರಿಸ್ ಒಪ್ಪಂದ, ಮಾರಿಷಸ್ ಫ್ರಾನ್ಸ್‌ನಿಂದ ಬ್ರಿಟನ್‌ಗೆ.
1965: ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿ ‘ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ’ ರಚನೆ.
1968: ಮಾರಿಷಸ್ ಸ್ವತಂತ್ರ. 1973ರೊಳಗೆ ಚಾಗೋಸ್ ನಿವಾಸಿಗಳೆಲ್ಲರ ಬಲವಂತದ ಸ್ಥಳಾಂತರ. ವಿವಾದದ ಮಾನವೀಯ ತಿರುಳು ಇದೇ; ಪ್ರಬಂಧ ಪತ್ರಿಕೆಯಲ್ಲಿ ಬಿಡಬೇಡಿ.
2019: ಬೇರ್ಪಡಿಕೆ ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ, ವಿಶ್ವಸಂಸ್ಥೆ ಸಾಮಾನ್ಯ ಸಭೆಯಲ್ಲಿ ಮಾರಿಷಸ್ ಪರ 116–6 ಮತ. ಭಾರತವೂ ಮಾರಿಷಸ್ ಪರ.
2025 ಮೇ 22: ಬ್ರಿಟನ್–ಮಾರಿಷಸ್ ಒಪ್ಪಂದಕ್ಕೆ ಸಹಿ. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾ 99 ವರ್ಷ ಬ್ರಿಟನ್ ನಿರ್ವಹಣೆಗೆ.

ಗೊಂದಲವಾಗುವ ಅಂಶಗಳು
• ಅಂತರರಾಷ್ಟ್ರೀಯ ನ್ಯಾಯಾಲಯದ 2019ರದು ‘ಸಲಹಾ ಅಭಿಪ್ರಾಯ’, ಬದ್ಧಗೊಳಿಸುವ ತೀರ್ಪಲ್ಲ. ಹೇಳಿಕೆ ಆಧಾರಿತ ಪ್ರಶ್ನೆಗಳಲ್ಲಿ ಹೆಚ್ಚು ಮಂದಿ ಎಡವಬಹುದಾದದ್ದು ಇಲ್ಲೇ.
• ಸಹಿ ಬೇರೆ, ಜಾರಿ ಬೇರೆ. ಎರಡೂ ದೇಶಗಳ ಅನುಮೋದನೆಯ ನಂತರವೇ ಒಪ್ಪಂದ ಜಾರಿ. ಪರೀಕ್ಷೆಗೆ ಮುನ್ನ ಸದ್ಯದ ಸ್ಥಿತಿ ಪರಿಶೀಲಿಸಿ.
• ಆಲ್ಡಾಬ್ರಾ ದ್ವೀಪ: ಸೆಶೆಲ್ಸ್‌ನದು. 1965ರಲ್ಲಿ ‘ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ’ಕ್ಕೆ ಸೇರಿ, 1976ರಲ್ಲಿ ಮರಳಿತು.
• ಟ್ರೊಮ್ಲಾನ್ ದ್ವೀಪ: ಇದಕ್ಕೂ ಮಾರಿಷಸ್‌ನ ಹಕ್ಕೊತ್ತಾಯವಿದೆ, ಆದರೆ ಎದುರಾಳಿ ಫ್ರಾನ್ಸ್.