ಒಡೆದ ಹಿಮ್ಮಡಿಗೆ ಜೇನುಮೇಣದ ಮುಲಾಮು

ಚಳಿ ಶುರುವಾದರೆ ಬಾಟಲಿಯಲ್ಲಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಪಕ್ಕದಲ್ಲಿರುವ ಸೂರ್ಯಕಾಂತಿ ಎಣ್ಣೆಗೆ ಏನೂ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಕರಗಲು ಸುಮಾರು 24 ಡಿಗ್ರಿ ಸೆಲ್ಸಿಯಸ್ ಸಾಕು. ಮುರುಗಲ (ಕೋಕಂ) ಬೀಜದಿಂದ ತೆಗೆದ ಮುರುಗಲ ತುಪ್ಪಕ್ಕೆ 40ರ ಆಸುಪಾಸು ಬೇಕು, ಜೇನುಮೇಣಕ್ಕೆ 62ರಿಂದ 64. ಹಿಮ್ಮಡಿ ಒಡೆದರೆ ಮುರುಗಲ ತುಪ್ಪ ಹಚ್ಚುವುದು ಉತ್ತರ ಕನ್ನಡದ ಹಳೆಯ ರೂಢಿ. ಅದಕ್ಕೆ ಉಳಿದೆರಡನ್ನು ಬೆರೆಸಿದರೆ ಸಲೀಸಾಗಿ ಹಚ್ಚಬಹುದಾದ ಮುಲಾಮು ಸಿಗುತ್ತದೆ.

ಎಣ್ಣೆಗೂ ತುಪ್ಪಕ್ಕೂ ಮೂಲರಚನೆ ಒಂದೇ: ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲ. ಆಮ್ಲದ ಸರಪಳಿ ನೆಟ್ಟಗಿದ್ದರೆ ಅಣುಗಳು ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ದ್ವಿಬಂಧದಿಂದ ಬಾಗಿದ್ದರೆ ಹಾಗೆ ಕೂರಲಾರದೆ ದ್ರವವಾಗಿ ಉಳಿಯುತ್ತವೆ. ಮುರುಗಲ ತುಪ್ಪದಲ್ಲಿ 18 ಇಂಗಾಲಗಳ ನೆಟ್ಟನೆಯ ಸ್ಟಿಯರಿಕ್ ಆಮ್ಲವೇ ಹೆಚ್ಚು. ಕೊಬ್ಬರಿ ಎಣ್ಣೆಯದೂ ಬಹುಪಾಲು ನೆಟ್ಟನೆಯ ಸರಪಳಿಯೇ, ಆದರೆ ಮೋಟು. ಅದರ ಮುಖ್ಯ ಆಮ್ಲವಾದ ಲಾರಿಕ್‌ನಲ್ಲಿ ಇರುವುದು 12 ಇಂಗಾಲ.

ಮೇಣದ ಜಾತಿಯೇ ಬೇರೆ. ಉದ್ದನೆಯ ಆಲ್ಕೋಹಾಲ್ ಒಂದು, ಉದ್ದನೆಯ ಆಮ್ಲ ಒಂದು, ನಡುವೆ ಗ್ಲಿಸರಾಲ್ ಇಲ್ಲ. ಅಂಗಡಿಯ ಮೇಣದಬತ್ತಿ ಈ ಕುಲಕ್ಕೂ ಸೇರದು. ಅದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬಂದ ಪ್ಯಾರಾಫಿನ್. ಅದನ್ನು ಕರಗಿಸಿ ಹಾಕುವ ಉಪಾಯ ಬೇಡ.

ಮೊದಲು ಮೇಣವನ್ನು ಶುದ್ಧ ಮಾಡಿಕೊಳ್ಳಬೇಕು. ಜೇನು ಹಿಂಡಿದ ಎರಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಲುಗಾಡಿಸದೆ ಆರಲು ಬಿಟ್ಟರೆ ಮೇಣ ನೀರಿನ ಮೇಲೆ ಬಿಲ್ಲೆಯಾಗಿ ತೇಲುತ್ತದೆ. ಅದನ್ನು ತೆಗೆದು ಚೆನ್ನಾಗಿ ಒಣಗಿಸಬೇಕು.

ನಂತರ ತೂಕ: ಮೇಣ 15 ಗ್ರಾಂ, ಮುರುಗಲ ತುಪ್ಪ 20, ಕೊಬ್ಬರಿ ಎಣ್ಣೆ 65. ಚಮಚದ ಲೆಕ್ಕ ನಂಬಬಾರದು, ತುರಿದ ಮೇಣದ ನಡುವೆ ಗಾಳಿಯೇ ಅರ್ಧ ಇರುತ್ತದೆ.

ಸ್ಟೀಲ್ ಪಾತ್ರೆಯನ್ನು ಕುದಿನೀರಿನ ಪಾತ್ರೆಯೊಳಗಿಟ್ಟು ಮೊದಲು ಮೇಣ, ಬಳಿಕ ತುಪ್ಪ, ಕೊನೆಗೆ ಎಣ್ಣೆ ಹಾಕಬೇಕು. ನೇರ ಉರಿ ಕೂಡದು. ಅತಿಯಾಗಿ ಕಾದ ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಎಲ್ಲ ತಿಳಿಯಾದ ಮೇಲೆ ತಣ್ಣನೆಯ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ತೀರಾ ಗಟ್ಟಿಯೆನಿಸಿದರೆ ಎಣ್ಣೆ, ಮೆತ್ತಗೆನಿಸಿದರೆ ಮೇಣ ಸೇರಿಸಿ ಇನ್ನೊಮ್ಮೆ ಕರಗಿಸಿದರಾಯಿತು.

ಒಣಗಿದ ಡಬ್ಬಿಗೆ ಸುರಿದು, ಪೂರ್ತಿ ಆರಿದ ಮೇಲಷ್ಟೇ ಮುಚ್ಚಳ ಹಾಕಬೇಕು. ನೀರಿನ ಪಸೆ ಉಳಿದರೆ ಬೂಷ್ಟು ಹಿಡಿಯಬಹುದು. ಎಣ್ಣೆಗಳಿಗೆ ಕಮಟು ವಾಸನೆ ಬರುವುದು ಮುಖ್ಯವಾಗಿ ದ್ವಿಬಂಧಗಳ ಮೇಲೆ ಆಮ್ಲಜನಕದ ದಾಳಿಯಿಂದ. ಕೊಬ್ಬರಿ ಎಣ್ಣೆಯಲ್ಲಿ ಅವು ಕಡಿಮೆ; ಇಲ್ಲಿ ಸೂರ್ಯಕಾಂತಿಯನ್ನು ದೂರವಿಟ್ಟದ್ದು ಅದಕ್ಕೇ.

ರಾತ್ರಿ ಪಾದ ನೆನೆಸಿ, ಒರೆಸಿ, ತುಸು ತೇವವಿರುವಾಗಲೇ ಹಚ್ಚಿದರೆ ಮೇಣ ಆ ತೇವವನ್ನು ಹಿಡಿದಿಡುತ್ತದೆ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ, ಮಧುಮೇಹವಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು. ಹಚ್ಚಿದ ಕಾಲಿಗೆ ಕಾಲುಚೀಲ ಹಾಕುವುದು ಒಳ್ಳೆಯದು, ಇಲ್ಲದಿದ್ದರೆ ನೆಲ ಜಾರುತ್ತದೆ.